ದುಃಖಕ್ಕೆ ಸಾಕ್ಷಿ ಬೇಕೆ?

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ನನ್ನ ತಮ್ಮ ಬೈಲಹೊಂಗಲದ ನಮ್ಮ ಮನೆಗೆ ಬಂದ. ಊರಲ್ಲಿ ಹೊಲ ನೋಡಿಕೊಂಡಿರುವವನು ಅವನು. ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ. ರಕ್ತ ತಪಾಸಣೆಯ ವರದಿ ಅದು. ಮನಸ್ಸಿನ ಖಿನ್ನತೆಗೆ ದೇಹದೊಳಗಿನ ಉರಿಯೂತ ಕಾರಣವಾಗಿರಬಹುದೆಂದೂ, ಕೀಲುನೋವಿಗೆ ಕೊಡುವಂಥ ಔಷಧಗಳಿಂದ ಅದನ್ನು ಶಮನಗೊಳಿಸಬಹುದೇ ಎಂದು ವೈದ್ಯರು ಶೋಧಿಸುತ್ತಿದ್ದಾರೆಂದೂ ಅವನು ಎಲ್ಲಿಯೋ ಓದಿದ್ದ. ಕೆಲವು ವರ್ಷಗಳ ಹಿಂದೆ ಅವನೇ ಆ ವ್ಯಾಧಿಯ ಕೈಗೆ ಸಿಕ್ಕು, ಧಾರವಾಡದಲ್ಲಿ ಚಿಕಿತ್ಸೆ ಪಡೆದು, ಈಗ ಬಹುಮಟ್ಟಿಗೆ ಚೇತರಿಸಿಕೊಂಡಿದ್ದಾನೆ. ತನ್ನ ರಕ್ತದಲ್ಲಿ ಆ ಉರಿಯೂತದ ಗುರುತು ಇದೆಯೋ ಎಂದು ನೋಡಲು ಯಾರಿಗೂ ಹೇಳದೆ ಹೋಗಿ ತಪಾಸಣೆ ಮಾಡಿಸಿದ್ದ.

"ಎಲ್ಲಾ ಸರಿ ಐತಲ್ಲೋ, ಚಲೋ ಆತು" ಎಂದೆ ನಾನು.

ಅವನ ಮುಖ ಅರಳಲಿಲ್ಲ. "ರಕ್ತದಾಗ ಏನೂ ಇಲ್ಲಂದ್ರ, ಅಣ್ಣಾ, ಆ ಎರಡು ವರ್ಷ ನಾ ಪಟ್ಟದ್ದು ಸುಳ್ಳೇನು?" ಎಂದು ಕೇಳಿದ.

ರೋಗವಿಲ್ಲವೆಂಬ ವರದಿಯನ್ನು ಕಂಡು ಕಳವಳಪಡುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇಂದಿನ ರಕ್ತ ಅಂದಿನ ಸುದ್ದಿಯನ್ನು ಹೇಳಲಾರದೆಂದು ಏನೋ ಸಮಾಧಾನ ಹೇಳಿ ಅವನನ್ನು ಊಟಕ್ಕೆಬ್ಬಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ವೈದ್ಯರಿಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ, ನನಗೆ ಕೇಳಿದ್ದಾಗಿತ್ತು. ದುಃಖಿಯ ಮಾತನ್ನು ನಾವು ನಂಬುವುದಕ್ಕೆ ಏನು ಸಾಕ್ಷಿ ಬೇಕು ಎಂಬುದೇ ಅದರ ತಿರುಳು.

ಮೊದಲು ಈ ಹೊಸ ವಿಚಾರವೇನೆಂಬುದನ್ನು ನೋಡೋಣ. ಕನ್ನಡಿಗನಿಗೆ ಅದು ಕೇಳಿದೊಡನೆ ನಿಜವೆನ್ನಿಸುವಂತಿದೆ. ಗಾಯದ ಸುತ್ತ ಕಾಣುವ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎಂಬವನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟ. ನಮ್ಮ ಭಾಷೆ ಅವುಗಳಲ್ಲಿ ಎರಡನ್ನು ಕೂಡಿಸಿ 'ಉರಿಯೂತ' ಎಂದಿತು. ಅದೇ ಭಾಷೆ ದುಃಖವನ್ನು ಹೇಳಬೇಕಾದಾಗಲೂ ಉರಿಯ ಕಡೆಗೇ ಕೈಚಾಚಿದೆ. ಬೇಗೆ, ಬೇಗುದಿ, ಒಡಲುರಿ, ಕರುಳು ಸುಟ್ಟಿತು, ಜೀವ ಬೆಂದಿತು ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಸತ್ತವರ ಮನೆಗೆ 'ಸಂತಾಪ' ಸೂಚಿಸುತ್ತೇವೆ, ತಾಪವೆಂದರೆ ಬಿಸಿಯೇ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆಂಬ ಗಾದೆ ಯಾರಿಗೆ ಗೊತ್ತಿಲ್ಲ? ಆದರೆ ಭಾಷೆಯ ಈ ಸಾಕ್ಷ್ಯವನ್ನು ಹಿಡಿದು ಹಿರಿಯರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಬೀಗುವುದು ಸರಿಯಲ್ಲ. ರೂಪಕ ಪ್ರಮಾಣವಲ್ಲ. ಹೊಟ್ಟೆಕಿಚ್ಚು ಎಂಬ ಮಾತಿದ್ದ ಮಾತ್ರಕ್ಕೆ ಯಾರ ಹೊಟ್ಟೆಯಲ್ಲಿಯೂ ಕೆಂಡ ಸಿಕ್ಕುವುದಿಲ್ಲ.

ವೈದ್ಯರ ತರ್ಕ ಬೇರೆ ದಾರಿಯಿಂದ ಬಂದಿದೆ. ಜ್ವರ ಬಂದ ಎತ್ತನ್ನು ನೋಡಿದವರಿಗೆ ಅದು ಸುಲಭವಾಗಿ ತಿಳಿದೀತು. ಅದು ಗೋದಲಿಯ ಮುಂದಿನ ಕಣಕಿಯನ್ನು ಮುಟ್ಟುವುದಿಲ್ಲ. ಜೊತೆಯ ಎತ್ತಿನ ಕಡೆಗೆ ತಿರುಗುವುದಿಲ್ಲ. ಕಿವಿ ಜೋಲುಬಿಟ್ಟು ಮೂಲೆ ಹಿಡಿದು ಮಲಗುತ್ತದೆ. ಇದು ಸೋಂಕಿನಿಂದಾದ ಬರಿಯ ನಿತ್ರಾಣವಲ್ಲ. ಶಕ್ತಿಯನ್ನೆಲ್ಲ ರೋಗದೊಡನೆ ಹೋರಾಡಲು ಕೂಡಿಟ್ಟುಕೊಳ್ಳುವ ದೇಹದ ಉಪಾಯವೆಂದು ಬೆಂಜಮಿನ್ ಹಾರ್ಟ್ ಎಂಬ ಅಮೆರಿಕದ ಪಶುವೈದ್ಯ 1988ರಲ್ಲಿ ವಾದಿಸಿದ. ರೋಗದೊಡನೆ ಹೋರಾಡುವಾಗ ದೇಹವು ಸೈಟೊಕೈನ್ ಎಂಬ ದ್ರವ್ಯಗಳನ್ನು ಬಿಡುಗಡೆ ಮಾಡುತ್ತದೆ. ಅವುಗಳ ಸಂದೇಶ ಮಿದುಳಿಗೂ ಮುಟ್ಟುತ್ತದೆ. ಆಗ ಊಟ ಬೇಡವಾಗುತ್ತದೆ, ನಿದ್ದೆ ಕೆಡುತ್ತದೆ, ಜನ ಬೇಡವಾಗುತ್ತಾರೆ, ಯಾವುದರಲ್ಲಿಯೂ ರುಚಿ ಉಳಿಯುವುದಿಲ್ಲ. ಖಿನ್ನತೆಯ ಲಕ್ಷಣಗಳೂ ಬಹುಪಾಲು ಇವೇ ಅಲ್ಲವೆ?

ಇದು ಬರಿಯ ಹೋಲಿಕೆಯಲ್ಲವೆಂಬುದಕ್ಕೆ ಒಂದು ಬಲವಾದ ಆಧಾರವೂ ಇದೆ. ಅಂಥ ಸೈಟೊಕೈನ್‌ಗಳಲ್ಲೊಂದಾದ ಇಂಟರ್‌ಫೆರಾನನ್ನು ಹಿಂದೆ ಕೆಲವು ಕ್ಯಾನ್ಸರ್‌ಗಳಿಗೂ ಯಕೃತ್ತಿನ ಸೋಂಕಿಗೂ ಔಷಧವಾಗಿ ಚುಚ್ಚುತ್ತಿದ್ದರು. ಚರ್ಮದ ಕ್ಯಾನ್ಸರಿನವರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಖಿನ್ನತೆಯ ಔಷಧವನ್ನು ಮುಂಚಿತವಾಗಿ ಪಡೆಯದೆ ಇಂಟರ್‌ಫೆರಾನ್ ತೆಗೆದುಕೊಂಡ 20 ಜನರಲ್ಲಿ 9 ಮಂದಿ ತೀವ್ರ ಖಿನ್ನತೆಗೆ ಬಿದ್ದರು. ಅದನ್ನು ಮುಂಚಿತವಾಗಿ ಪಡೆದ 18 ಜನರಲ್ಲಿ ಹಾಗಾದವರು ಇಬ್ಬರೇ.

ಹಾಗಾದರೆ ಉರಿಯೂತವನ್ನು ಆರಿಸಿದರೆ ದುಃಖವೂ ಆರಬಹುದಲ್ಲವೆ? ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ವೈದ್ಯರು, ಬೇರೆ ಚಿಕಿತ್ಸೆಗೆ ಬಗ್ಗದ 60 ಮಂದಿ ಖಿನ್ನರ ಮೇಲೆ ಪರೀಕ್ಷಿಸಿದರು; ಫಲ 2013ರಲ್ಲಿ ಪ್ರಕಟವಾಯಿತು. ಒಟ್ಟಿನಲ್ಲಿ ಔಷಧಕ್ಕೂ ಬರಿಯ ನೀರಿನಂಥ ಹುಸಿಮದ್ದಿಗೂ ಅಂತರ ಕಾಣಲಿಲ್ಲ. ಆದರೆ ರಕ್ತದಲ್ಲಿ ಉರಿಯೂತದ ಗುರುತಾದ ಸಿ.ಆರ್.ಪಿ. ಹೆಚ್ಚಾಗಿದ್ದವರು ಔಷಧದಿಂದ ಹೆಚ್ಚು ಸುಧಾರಿಸಿದಂತೆ ಕಂಡಿತು. ಕಡಿಮೆಯಿದ್ದವರಿಗೆ ಹುಸಿಮದ್ದೇ ಮೇಲಾಯಿತು. ಮರುವರ್ಷ 14 ಪರೀಕ್ಷೆಗಳ 6262 ಜನರ ಫಲಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೆಲಿಕಾಕ್ಸಿಬ್‌ನಂಥ ನೋವಿನ ಗುಳಿಗೆಗಳು ಸ್ವಲ್ಪಮಟ್ಟಿಗೆ ನೆರವಾದಂತೆ ಕಂಡವು. ಮುಂದೆ ಆಶೆ ಕುಗ್ಗಿತು. ಉನ್ಮಾದವೂ ವಿಷಾದವೂ ಸರದಿಯಂತೆ ಬರುವ ವ್ಯಾಧಿಯಲ್ಲಿ, ವಿಷಾದದ ಸರದಿಗೆ ಇದೇ ಗುಳಿಗೆಯನ್ನು ಪಾಕಿಸ್ತಾನದಲ್ಲಿ 266 ಜನರ ಮೇಲೆ ಪರೀಕ್ಷಿಸಿದರು. 2020ರಲ್ಲಿ ಬಂದ ಅದರ ವರದಿಯಲ್ಲಿ ಯಾವ ಲಾಭವೂ ಕಾಣಲಿಲ್ಲ. ಅದೇ ವರ್ಷ, ಆಸ್ಟ್ರೇಲಿಯಾ ಮತ್ತು ಅಮೆರಿಕಗಳ 19,114 ಮಂದಿ ವೃದ್ಧರಲ್ಲಿ ದಿನಕ್ಕೊಂದು ಸಣ್ಣ ಆಸ್ಪಿರಿನ್ ಗುಳಿಗೆ ಖಿನ್ನತೆಯನ್ನು ತಡೆಯಲಿಲ್ಲವೆಂದು ತಿಳಿದುಬಂತು.

ಆದುದರಿಂದ ಈ ದಾರಿ ಕೆಲವರಿಗೆ ತೆರೆದೀತು, ಎಲ್ಲರಿಗೂ ಅಲ್ಲ. ಇನ್ನೂ ಅದು ಸಿದ್ಧ ಚಿಕಿತ್ಸೆಯಾಗಿಲ್ಲ. ನಮ್ಮ ಕಡೆ ಮೈಕೈ ನೋವೆಂದು ಔಷಧದ ಅಂಗಡಿಯಲ್ಲಿ ಕೇಳಿ ಗುಳಿಗೆ ನುಂಗುವುದು ರೂಢಿಯಾಗಿರುವುದರಿಂದ ಒಂದು ಮಾತು ಹೇಳಲೇಬೇಕು. ಈ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣನ್ನೂ ರಕ್ತಸ್ರಾವವನ್ನೂ ತರಬಲ್ಲವು, ಮೂತ್ರಪಿಂಡವನ್ನು ಕೆಡಿಸಬಲ್ಲವು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಕೆಲವು ಔಷಧಗಳ ಜೊತೆ ಸೇರಿದರೆ ರಕ್ತಸ್ರಾವದ ಭಯ ಹೆಚ್ಚು. ವೈದ್ಯರನ್ನು ಕೇಳದೆ ಯಾರೂ ಈ ಪ್ರಯೋಗಕ್ಕೆ ಕೈಹಾಕಬಾರದು.

ಇನ್ನು ನನ್ನ ತಮ್ಮನ ಪ್ರಶ್ನೆಗೆ ಬರುತ್ತೇನೆ. 2006ರಲ್ಲಿ ಚಿಕುನ್‌ಗುನ್ಯ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹಬ್ಬಿದಾಗ ನಮ್ಮ ಅವ್ವನಿಗೂ ಅದು ಬಂತು. ಜ್ವರ ವಾರದಲ್ಲಿ ಇಳಿದರೂ ಬೆರಳಿನ ಗೆಣ್ಣುಗಳ ಊತ ತಿಂಗಳುಗಟ್ಟಲೆ ಇಳಿಯಲಿಲ್ಲ. ರೊಟ್ಟಿ ಬಡಿಯಲು ಅಂಗೈ ಊರುವಂತಿರಲಿಲ್ಲ. ಆಗ ಓಣಿಯ ಹೆಂಗಸರು ಸರದಿಯಲ್ಲಿ ರೊಟ್ಟಿ ಮಾಡಿ ಕೊಟ್ಟರು. ಒಬ್ಬರು ಎಣ್ಣೆ ಕಾಸಿ ತಂದರು, ಇನ್ನೊಬ್ಬರು ಕಾಲು ತಿಕ್ಕಿದರು. ಊತ ಕಣ್ಣಿಗೆ ಕಾಣುತ್ತಿತ್ತು. ಕೈಯಿಂದ ಮುಟ್ಟಿದರೆ ಬಿಸಿ ತಾಗುತ್ತಿತ್ತು. ಅವ್ವ ತನ್ನ ನೋವಿಗೆ ಯಾರಿಗೂ ಪುರಾವೆ ಕೊಡಬೇಕಾಗಲಿಲ್ಲ.

ಮುಂದೆ ಕೆಲವು ವರ್ಷಗಳಿಗೆ ಅದೇ ಮನೆಯಲ್ಲಿ ತಮ್ಮ ಮಲಗಿದ. ಬಿತ್ತುವ ದಿನಗಳಲ್ಲಿ ಬೆಳಿಗ್ಗೆ ಹತ್ತಾದರೂ ಹೊದಿಕೆ ಸರಿಸುತ್ತಿರಲಿಲ್ಲ. ಅವನ ಮೈಯಲ್ಲಿ ಎಲ್ಲಿಯೂ ಊತವಿರಲಿಲ್ಲ. ಮೈಗಳ್ಳನೆಂದರು ಕೆಲವರು; ಮಾಡಿದ್ದುಣ್ಣೋ ಮಹಾರಾಯ ಎಂದರು ಕೆಲವರು; ಇವನನ್ನು ಧಾರವಾಡಕ್ಕೆ ಕಳಿಸಬೇಕೆಂದು ಕಟ್ಟೆಯ ಮೇಲೆ ನಕ್ಕರು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಈ ಮಾತಿನ ಅರ್ಥವೇನೆಂದು ವಿವರಿಸಬೇಕಾಗಿಲ್ಲ. 1845ರಲ್ಲಿ ಧಾರವಾಡದಲ್ಲಿ ಆರಂಭವಾದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆಯಾಗಿ ಸಾವಿರಾರು ಜನರಿಗೆ ನೆರವಾಗುತ್ತಿದ್ದರೂ, ಜನರ ಬಾಯಲ್ಲಿ ಅದು ಇನ್ನೂ ಒಂದು ಬೈಗುಳವಾಗಿಯೇ ಉಳಿದಿದೆ. ನಾನು ನಗಲಿಲ್ಲ ನಿಜ. ಆದರೆ ನಾನು ಮಾಡಿದ್ದು ಅದಕ್ಕಿಂತ ಮೇಲಾದುದೂ ಅಲ್ಲ. ರವಿವಾರಕ್ಕೊಮ್ಮೆ ಊರಿಗೆ ಹೋಗಿ ಅವನ ಹಾಸಿಗೆಯ ಪಕ್ಕದಲ್ಲಿ ಕುಳಿತು, "ಧೈರ್ಯ ತಗೋ, ಗಟ್ಟಿಯಾಗು, ಎಷ್ಟು ಮಂದಿಗೆ ಎಷ್ಟು ಕಷ್ಟ ಇರತಾವ" ಎಂದು ಉಪದೇಶ ಮಾಡಿ ಬರುತ್ತಿದ್ದೆ. ಹೀಗೆ ಒಂದು ವರ್ಷ ಹೋಯಿತು. ಕಾಲೇಜಿನಲ್ಲಿ ಶೋಕರಸವನ್ನು ಪಾಠ ಹೇಳುವವನಿಗೆ ಮನೆಯಲ್ಲಿದ್ದ ಶೋಕದ ಗುರುತು ಹತ್ತಲಿಲ್ಲ. ಧೈರ್ಯ ತಗೋ ಎಂಬ ಮಾತಿನಲ್ಲಿ, ನೀನು ತೆಗೆದುಕೊಳ್ಳುತ್ತಿಲ್ಲವೆಂಬ ಆರೋಪ ಅಡಗಿದೆಯೆಂಬುದೂ ನನಗೆ ಹೊಳೆಯಲಿಲ್ಲ. ಕೊನೆಗೆ ಬಸ್ಸಿನಲ್ಲಿ ಎರಡು ತಾಸೂ ಇಲ್ಲದ ಧಾರವಾಡದ ದಾರಿಯನ್ನು ಹಿಡಿಯಲು ನಮಗೆ ಎರಡು ವರ್ಷ ಬೇಕಾಯಿತು.

ಆದುದರಿಂದ ಉರಿಯೂತದ ಈ ವಿಚಾರವನ್ನು ಓದಿದಾಗ ಅವನಿಗೆ ಏಕೆ ಅಷ್ಟು ಆಶೆ ಹುಟ್ಟಿತೆಂಬುದನ್ನು ಈಗ ಊಹಿಸಬಲ್ಲೆ. ಅವನಿಗೆ ಬೇಕಾಗಿದ್ದುದು ಹೊಸ ಔಷಧವಲ್ಲ. ಹಳೆಯ ಔಷಧವೇ ಅವನಿಗೆ ಒಗ್ಗಿದೆ. ಅವನಿಗೆ ಬೇಕಾಗಿದ್ದುದು ಅವ್ವನ ಬೆರಳಿನ ಊತದಂಥ ಒಂದು ಸಾಕ್ಷಿ. ಕಟ್ಟೆಯ ಮೇಲೆ ನಕ್ಕವರಿಗೂ, ಪಕ್ಕದಲ್ಲಿ ಕುಳಿತು ಉಪದೇಶಿಸಿದವನಿಗೂ ತೋರಿಸಬಹುದಾದ ಒಂದು ಅಂಕೆ.

ಈ ವಿಚಾರವನ್ನು ಮೆಚ್ಚುವ ಅನೇಕರು ಹೇಳುವುದೂ ಇದನ್ನೇ: ಖಿನ್ನತೆ ರಕ್ತದಲ್ಲಿಯೇ ಕಾಣುತ್ತದೆಂದಾದರೆ ಇನ್ನು ಯಾರೂ ರೋಗಿಯನ್ನು ದೂಷಿಸಲಾರರು. ಮೇಲುನೋಟಕ್ಕೆ ಇದು ಕರುಣೆಯ ಮಾತು. ಆದರೆ ಲೆಕ್ಕ ಹಾಕಿ ನೋಡಿರಿ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯ ಪ್ರಕಾರ, ಖಿನ್ನತೆಯುಳ್ಳವರಲ್ಲಿ ನೂರಕ್ಕೆ 27 ಜನರ ರಕ್ತದಲ್ಲಿ ಮಾತ್ರ ಸಿ.ಆರ್.ಪಿ. ಲೀಟರಿಗೆ 3 ಮಿಲಿಗ್ರಾಮಿಗಿಂತ ಹೆಚ್ಚಿತ್ತು. ಉಳಿದ 73 ಜನರ ಗತಿಯೇನು? ರಕ್ತದ ಸಾಕ್ಷಿ ಇದ್ದವರು ನಿಜವಾದ ರೋಗಿಗಳಾದರೆ, ಇಲ್ಲದವರು ಮತ್ತೆ ಮೈಗಳ್ಳರಾದರು. ಮೊದಲು ಎಲ್ಲರೂ ಒಟ್ಟಿಗೆ ಅಪರಾಧಿಗಳ ಸಾಲಿನಲ್ಲಿದ್ದರು; ಈಗ ನಾಲ್ವರಲ್ಲಿ ಒಬ್ಬನು ಬಿಡುಗಡೆಯಾದ, ಮೂವರ ಮೇಲಿನ ಆರೋಪ ಪ್ರಯೋಗಶಾಲೆಯ ಮುದ್ರೆಯೊಡನೆ ಗಟ್ಟಿಯಾಯಿತು. ನನ್ನ ತಮ್ಮ ಆ ಕಾಗದವನ್ನು ಹಿಡಿದು ಕಳವಳಗೊಂಡದ್ದು ಇದಕ್ಕೇ.

ರಕ್ತದ ತಪಾಸಣೆ ಯಾವ ಔಷಧ ಯಾರಿಗೆ ಹಿಡಿದೀತೆಂಬುದನ್ನು ಹೇಳಬಹುದು. ಅದು ವೈದ್ಯರಿಗೆ ಬೇಕಾದ ಸಂಗತಿ. ಯಾರ ನೋವು ನಿಜ, ಯಾರದು ಸುಳ್ಳು ಎಂಬುದನ್ನು ಅದು ಹೇಳಲಾರದು. ಆ ತೀರ್ಪನ್ನು ಅದರಿಂದ ಕೇಳುವುದೇ ತಪ್ಪು.

ಇದಕ್ಕೆ ಎದುರಾಗಿ ಇನ್ನೊಂದು ಆಕ್ಷೇಪವಿದೆ. ಅದು ಹೆಚ್ಚು ಗಂಭೀರವಾದುದು. ದುಃಖವನ್ನು ದೇಹದ ಊತವೆಂದು ಎಣಿಸಿದರೆ ದುಃಖದ ಅರ್ಥವೇ ಅಳಿದುಹೋಗುತ್ತದೆ ಎನ್ನುವವರಿದ್ದಾರೆ. ನಮ್ಮೂರಿನಲ್ಲಿಯೇ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯಿದೆ. 1816ರಲ್ಲಿ ಪತಿ ಮಲ್ಲಸರ್ಜನನ್ನು ಕಳೆದುಕೊಂಡವಳು ಆಕೆ. 1824ರಲ್ಲಿ ಅವನ ಮಗ ಶಿವಲಿಂಗರುದ್ರಸರ್ಜನೂ ಹೋದ. ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಅದೇ ಡಿಸೆಂಬರಿನಲ್ಲಿ ಕೋಟೆಯೂ ಬಿದ್ದಿತು. ಆಮೇಲೆ 1829ರ ಫೆಬ್ರುವರಿ 2ರಂದು ಕಣ್ಣು ಮುಚ್ಚುವವರೆಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಆಕೆ ಬೈಲಹೊಂಗಲದ ಸೆರೆಯಲ್ಲಿದ್ದಳು. ಆ ದಿನಗಳಲ್ಲಿ ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾವು ಯಾರು? ಆದರೆ ಆಕೆಗೆ ದುಃಖವಿದ್ದಿದ್ದರೆ ಅದರ ಕಾರಣ ರಕ್ತದಲ್ಲಿರಲಿಲ್ಲ, ಕಂಪನಿಯ ಅನ್ಯಾಯದಲ್ಲಿತ್ತು. ಅಂಥ ದುಃಖಕ್ಕೆ ಗುಳಿಗೆ ಕೊಡುವುದೆಂದರೆ ಅನ್ಯಾಯದ ಬಾಯಿ ಮುಚ್ಚಿಸಿದಂತಲ್ಲವೆ? ಹಾಗೆಯೇ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನೀರು ನುಗ್ಗಿದಾಗ ಮಗ್ಗ ಕಳೆದುಕೊಂಡ ನೇಕಾರನಿಗೆ ಬೇಕಾದುದು ಮಗ್ಗವೇ ಹೊರತು ಮದ್ದಲ್ಲ.

ಈ ಮಾತಿನಲ್ಲಿ ಸತ್ಯವಿದೆ. ಮಗ್ಗ ಕೊಡಬೇಕಾದವರು ಗುಳಿಗೆ ಕೊಟ್ಟು ಕೈತೊಳೆದುಕೊಂಡರೆ ಅದು ಚಿಕಿತ್ಸೆಯಲ್ಲ, ವಂಚನೆ. ಆದರೆ ಕಾರಣ ಹೊರಗಿದ್ದರೆ ದೇಹದಲ್ಲಿ ಏನೂ ಇರಲಾರದೆಂಬ ಕಲ್ಪನೆ ಸರಿಯಲ್ಲ. ನ್ಯೂಜಿಲೆಂಡಿನ ಡನೀಡಿನ್ ಎಂಬ ಊರಲ್ಲಿ ಸುಮಾರು ಸಾವಿರ ಮಕ್ಕಳನ್ನು ಹುಟ್ಟಿದಂದಿನಿಂದ ಗಮನಿಸುತ್ತ ಬಂದಿದ್ದಾರೆ. ಬಾಲ್ಯದಲ್ಲಿ ಹಿಂಸೆ, ತಿರಸ್ಕಾರಗಳನ್ನು ಉಂಡವರ ರಕ್ತದಲ್ಲಿ ಅವರ 32ನೆಯ ವಯಸ್ಸಿಗೂ ಉರಿಯೂತದ ಗುರುತು ಹೆಚ್ಚಾಗಿತ್ತೆಂದು 2007ರಲ್ಲಿ ವರದಿಯಾಯಿತು. ಅಂದರೆ ಮನುಷ್ಯನು ಮನುಷ್ಯನಿಗೆ ಮಾಡಿದ ಅನ್ಯಾಯವೂ ರಕ್ತಕ್ಕೆ ಇಳಿಯಬಲ್ಲದು. ಹೀಗಿರುವಾಗ ದೇಹವೋ ಮನಸ್ಸೋ, ಮದ್ದೋ ನ್ಯಾಯವೋ ಎಂದು ಒಂದನ್ನು ಆರಿಸಲು ಹೊರಡುವುದು ವ್ಯರ್ಥ. ಎರಡೂ ಬೇಕಾದವರಿಗೆ ಎರಡನ್ನೂ ಕೊಡಬೇಕು.

ಸಾಹಿತ್ಯದವರಾದ ನಮಗೆ ಪ್ರಿಯವಾದ ಇನ್ನೊಂದು ಮಾತೂ ಇದೆ: ದುಃಖವನ್ನು ಗುಣಪಡಿಸಿದರೆ ಕಾವ್ಯವೆಲ್ಲಿಂದ ಬರಬೇಕು? ಬೇಂದ್ರೆಯವರು ಮಗುವಿನ ಸಾವನ್ನು ಕುರಿತು ಬರೆದ ಕವಿತೆಯನ್ನು ಪಾಠ ಹೇಳುವಾಗ ನಾನೂ ಹೀಗೆಂದದ್ದುಂಟು. ಈಗ ಹೇಳಲಾರೆ. ಆ ಕವಿತೆಯಲ್ಲಿ ದುಃಖಕ್ಕೆ ಇನ್ನೂ ನಾಲಗೆಯಿದೆ. ಅದು ಹೆಂಡತಿಯ ಕಣ್ಣನ್ನು ಎದುರಿಸಲಾರದಷ್ಟು ಜೀವಂತವಾಗಿದೆ. ನನ್ನ ತಮ್ಮನ ಎರಡು ವರ್ಷಗಳಲ್ಲಿ ಅಳುವೂ ಇರಲಿಲ್ಲ. ಅವನು ಅತ್ತದ್ದು ಔಷಧ ಆರಂಭಿಸಿ ಎರಡು ತಿಂಗಳಾದ ಮೇಲೆ, ಅವನು ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಸತ್ತುಹೋಗಿದ್ದ ಎತ್ತನ್ನು ನೆನೆದು. ಮದ್ದು ಅವನ ದುಃಖವನ್ನು ಕಸಿದುಕೊಳ್ಳಲಿಲ್ಲ, ಮರಳಿ ಕೊಟ್ಟಿತು.

ಸಾಕ್ಷಿ ಕೇಳದೆ ದುಃಖವನ್ನು ಒಪ್ಪಿಕೊಳ್ಳುವ ರೀತಿ ನಮ್ಮ ನೆಲಕ್ಕೆ ಅಪರಿಚಿತವೇನೂ ಅಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಗೊತ್ತು. ಜಮದಗ್ನಿಯ ಮರಣದಿಂದ ದೇವಿ ಹೊಸ್ತಿಲ ಹುಣ್ಣಿಮೆಗೆ ವಿಧವೆಯಾಗುತ್ತಾಳೆ. ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ನಡುವಿನ ಎರಡು ತಿಂಗಳು ದೇವಿಯೂ ದುಃಖದಲ್ಲಿರುತ್ತಾಳೆ. ಏಕೆ ಹೀಗಿದ್ದೀಯೆಂದು ಅವಳನ್ನು ಯಾರೂ ಗದರಿಸುವುದಿಲ್ಲ. ದೇವಿಯಾಗಿ ಧೈರ್ಯ ತಂದುಕೊಳ್ಳಬಾರದೆ ಎಂದು ಯಾರೂ ಕೇಳುವುದಿಲ್ಲ. ಅದೇ ಗುಡ್ಡದ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಸಂಕಟವನ್ನು ಮಾತ್ರ ಬಹುಕಾಲ ಯಾರೂ ನೋಡಲಿಲ್ಲ. ಅದನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ದೇವಿಯ ದುಃಖವನ್ನು ನಂಬಿದಷ್ಟು ಸುಲಭವಾಗಿ ನಾವು ಪಕ್ಕದವರ ದುಃಖವನ್ನು ನಂಬುವುದಿಲ್ಲ.

ವೈದ್ಯರ ಶೋಧ ಮುಂದುವರಿಯಲಿ. ಆ ನೂರಕ್ಕೆ 27 ಜನರಲ್ಲಿ ಕೆಲವರಿಗಾದರೂ ನೋವಿನ ಗುಳಿಗೆಯಿಂದಲೋ ಬೇರೊಂದರಿಂದಲೋ ಗುಣವಾದರೆ ಅದು ಸಣ್ಣ ಲಾಭವಲ್ಲ. ಆದರೆ ನಮ್ಮ ಕೆಲಸ ಅದಕ್ಕಾಗಿ ಕಾಯಬೇಕಾಗಿಲ್ಲ. ಓಣಿಯ ಹೆಂಗಸರು ಅವ್ವನಿಗೆ ರೊಟ್ಟಿ ಮಾಡಿ ಕೊಟ್ಟಾಗ ಅವಳ ರಕ್ತದ ವರದಿಯನ್ನು ನೋಡಿರಲಿಲ್ಲ. ಕಣ್ಣಿಗೆ ಕಾಣುವ ಊತಕ್ಕೆ ತೋರಿದ ಆ ನಂಬಿಕೆಯನ್ನು, ಕಾಣದ ಸಂಕಟವನ್ನು ಬಾಯಿಬಿಟ್ಟು ಹೇಳಿಕೊಂಡವನ ಮಾತಿಗೂ ತೋರಿಸಿದರೆ ಸಾಕು.

ಮುಂದಿನ ರವಿವಾರ ಊರಿಗೆ ಹೋದಾಗ ತಮ್ಮ ಹೊಲದ ಬದುವಿನ ಮೇಲೆ ಕುಳಿತಿದ್ದ. ಅಂದು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಕೊಟ್ಟೆ. "ನೀ ಪಟ್ಟದ್ದು ಸುಳ್ಳಲ್ಲೋ. ಅವತ್ತು ನೀ ಹೇಳಿದಾಗ ನಾ ನಂಬಲಿಲ್ಲ. ಅದು ನನ್ನ ತಪ್ಪು" ಎಂದೆ. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಈ ಸಲದ ಕಡಲೆ ಹೇಗೆ ಬಂದಿತ್ತೆಂದು ಹೇಳುತ್ತ ನನ್ನನ್ನು ಹೊಲ ಸುತ್ತಿಸಿಕೊಂಡು ಬಂದ.